ಎತ್ತುವುದು ಬೇರೆ, ಹೊರುವುದು ಬೇರೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳ್ಳಿಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ತೋಟದ ನಡುವೆ ಒಂದು, ಗುಡ್ಡದ ಬದಿಯಲ್ಲಿ ಇನ್ನೊಂದು. ಬಸ್ಸು ಹಿಡಿಯಲು ಬಹಳ ದೂರ ನಡೆಯಬೇಕು. ಹಾಗಾಗಿ ಕೊಟ್ಟಿಗೆಯ ಪಕ್ಕದಲ್ಲಿ ಹಳೆಯ ಕಾರೋ ಜೀಪೋ ಇದ್ದರೆ ಅದು ಶೋಕಿಗಲ್ಲ, ಅಗತ್ಯಕ್ಕೆ. ಗ್ಯಾರೇಜು ದೂರವಾದ್ದರಿಂದ ಮನೆಯ ಯಜಮಾನರೇ ಅರ್ಧ ಮೆಕ್ಯಾನಿಕ್ ಆಗಿರುತ್ತಾರೆ.

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಅಂಥ ಅಡಿಕೆ ಬೆಳೆಗಾರರೊಬ್ಬರಿದ್ದಾರೆ. ಅವರ ಕಾರು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ವಂಶದ ಈ ಕಾರು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ತಯಾರಿಕೆ ನಿಂತು ಎರಡು ದಶಕಗಳೇ ಕಳೆದರೂ ಅವರ ಕಾರು ಓಡುತ್ತಲೇ ಇದೆ. ಅದರ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆ. ಗ್ಯಾರೇಜಿಗೆ ದುಡ್ಡು ಸುರಿಯದೆ ತಾವೇ ರಿಪೇರಿ ಮಾಡಿಕೊಳ್ಳುತ್ತೇನೆಂಬುದು ಇನ್ನೂ ದೊಡ್ಡ ಹೆಮ್ಮೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತಿದ್ದ ಸಮಯ. ಮರುದಿನ ನರಸಿಂಹರಾಜಪುರದಲ್ಲಿ ನೆಂಟರ ಮನೆಯ ಮದುವೆ. ಹಿಂದಿನ ಬಲಗಾಲಿಯ ಬ್ರೇಕು ಕಿರುಗುಟ್ಟುತ್ತಿತ್ತು, ಸೈಲೆನ್ಸರ್ ಜೋತುಬಿದ್ದಿತ್ತು. ಸಂಜೆ ಅಂಗಳದಲ್ಲಿ ಕಾರು ನಿಲ್ಲಿಸಿ, ಜಾಕ್ ಕೊಟ್ಟು ಗಾಲಿ ಕಳಚಿದರು. ಡ್ರಮ್ ಹೊರಬರಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಬೇಕು; ಬಿಟ್ಟರು. ಕಾರು ಗೇರಿನಲ್ಲಿದೆಯಲ್ಲ ಎಂಬ ಧೈರ್ಯ. ದ್ವಿತೀಯ ಪಿಯುಸಿ ಓದುತ್ತಿದ್ದ ಮಗ ಸೈಲೆನ್ಸರ್‌ಗೆ ತಂತಿ ಬಿಗಿಯಲೆಂದು ಕಾರಿನಡಿಗೆ ಗೋಣಿಚೀಲ ಹಾಸಿದ.

"ಕತ್ತಲೆ, ಏನೂ ಕಾಣ್ತಿಲ್ಲ ಅಪ್ಪಯ್ಯ. ಟಾರ್ಚ್ ತರ್ತೀನಿ," ಎಂದು ಅವನು ಜಗಲಿಯತ್ತ ಹೋದ. ಅಂಟಿಕೊಂಡಿದ್ದ ಡ್ರಮ್ಮನ್ನು ತಂದೆ ಮರದ ಕೊಡತಿಯಿಂದ ತಟ್ಟಿದರು. ಒಂದು ಏಟು, ಎರಡು ಏಟು. ಕಾರು ಮೆಲ್ಲಗೆ ಮುಂದಕ್ಕೆ ಸರಿಯಿತು. ಜಾಕ್ ವಾಲಿತು. ಮರುಕ್ಷಣ ಡ್ರಮ್ ಧಡ್ಡೆಂದು ನೆಲಕ್ಕೆ ಕುಸಿದು ಮಣ್ಣಿನಲ್ಲಿ ಹೂತುಹೋಯಿತು. ಹಿಂದಿನ ಅಚ್ಚಿಗೂ ಹಾಸಿದ್ದ ಗೋಣಿಗೂ ನಡುವೆ ಉಳಿದದ್ದು ಅರ್ಧ ಗೇಣು ಜಾಗ. ಟಾರ್ಚ್ ಹಿಡಿದುಕೊಂಡು ಬಂದ ಹುಡುಗ ಬೆಳಕು ಬಿಟ್ಟದ್ದು ಆ ಗೋಣಿಯ ಮೇಲೆಯೇ. ಇಬ್ಬರೂ ಮಾತಾಡಲಿಲ್ಲ.

ಸದ್ದು ಕೇಳಿ ಹೊರಬಂದ ತಾಯಿ ಎಲ್ಲವನ್ನೂ ನೋಡಿದರು. "ಗ್ಯಾರೇಜಿನವರು ಎಷ್ಟು ಕೇಳ್ತಿದ್ರು?" ಎಂದರು. "ಐನೂರು ಆಗ್ತಿತ್ತೇನೋ," ಎಂದರು ತಂದೆ. ತಾಯಿ ಮತ್ತೇನೂ ಹೇಳದೆ ಒಳಗೆ ಹೋದರು.

ಕಾರು ಬಿದ್ದದ್ದೇಕೆ? ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಡಬೇಕು. ಮಲೆನಾಡಿನ ಅಂಗಳ ಸಮತಟ್ಟಾಗಿ ಕಂಡರೂ ಮಳೆನೀರು ಹರಿದುಹೋಗಲೆಂದು ಇಳಿಜಾರಾಗಿರುತ್ತದೆ. 20 ಅಡಿಗೆ 1 ಅಡಿ ಇಳಿಜಾರೆಂದುಕೊಳ್ಳಿ. ಸುಮಾರು 900 ಕಿಲೋ ತೂಗುವ ಕಾರನ್ನು ಕೆಳಗೆಳೆಯುವ ಬಲ 45 ಕಿಲೋ ತೂಕದಷ್ಟಾಯಿತು. ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದ ಭಾರ. ಗೇರು ತಡೆಯಲಿಲ್ಲವೇ ಎಂದು ಕೇಳಬಹುದು. ಪದ್ಮಿನಿಯಲ್ಲಿ ಇಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಗಾಲಿಗಳಿಗೆ. ತಿರುವಿನಲ್ಲಿ ಎರಡು ಗಾಲಿಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲೆಂದು ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಿದೆ. ಒಂದು ಬದಿ ಗಾಳಿಯಲ್ಲಿದ್ದರೆ ಅದು ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿನ ಗಾಲಿಗೆ ಉರುಳಲು ದಾರಿ ಕೊಡುತ್ತದೆ. ಗೇರು ಹಾಕಿದ್ದರೂ ಕಾರು ಸರಿಯುತ್ತದೆ! ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಗಾಲಿಗಳನ್ನೇ. ಅದನ್ನೂ ಬಿಟ್ಟ ಮೇಲೆ ಕಾರನ್ನು ತಡೆಯುವುದು ಏನೂ ಉಳಿಯಲಿಲ್ಲ. ಮುಂದಿನ ಗಾಲಿಗಳ ಹಿಂದೆ ಮುಂದೆ ಕಲ್ಲೋ ಮರದ ತುಂಡೋ ಕೊಟ್ಟಿದ್ದರೆ ಸಾಕಿತ್ತು.

ಇನ್ನೊಂದು ಕಾರಣ ನೆಲ. ಜಾಕಿನ ಪಾದ 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಎಂದಿಟ್ಟುಕೊಂಡರೆ 100 ಚದರ ಸೆಂಟಿಮೀಟರ್. ಅದರ ಮೇಲೆ ಕಾರಿನ ಒಂದು ಮೂಲೆಯ 200 ಕಿಲೋ ಭಾರ. ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋ. 60 ಕಿಲೋ ತೂಗುವ ಮನುಷ್ಯನ ಎರಡೂ ಪಾದ ಸೇರಿ 300 ಚದರ ಸೆಂಟಿಮೀಟರ್ ಇದ್ದರೆ ಒತ್ತಡ ಬರೀ 0.2 ಕಿಲೋ. ಒದ್ದೆ ಮಣ್ಣಿನಲ್ಲಿ ನಮ್ಮ ಕಾಲೇ ಹೂಳುವಾಗ ಹತ್ತು ಪಟ್ಟು ಒತ್ತುವ ಜಾಕ್ ಹೂಳದಿರುತ್ತದೆಯೇ? ಅದರಡಿಗೆ 30 ಸೆಂಟಿಮೀಟರ್ ಉದ್ದಗಲದ ದಪ್ಪ ಹಲಗೆ ಇಟ್ಟರೆ ಒತ್ತಡ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ.

ಮದುವೆಗೆ ಬಸ್ಸಿನಲ್ಲೇ ಹೋದರು. ನರಸಿಂಹರಾಜಪುರದಲ್ಲಿ ಪರಿಚಯದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸಿಕ್ಕಾಗ ತಂದೆ ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಆತ ನಗಲಿಲ್ಲ. "ಜಾಕ್ ಇರೋದು ಎತ್ತೋಕೆ ಸ್ವಾಮಿ, ಹೊರೋಕಲ್ಲ. ಎತ್ತಿದ ಮೇಲೆ ಸ್ಟ್ಯಾಂಡಿಗೆ ಹೊರಿಸ್ಬೇಕು," ಎಂದು, ಒಂದೊಂದಾಗಿ ತಿಳಿಸಿದರು.

ನೆಲ ಸಮತಟ್ಟಾಗಿ, ಗಟ್ಟಿಯಾಗಿರಬೇಕು. ಗಾಲಿಯ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಬೇಕು. ಎತ್ತಿದ ಮೇಲೆ ಸ್ಪ್ಯಾನರ್ ಜಗ್ಗಿದರೆ ಕಾರು ಅಲುಗುತ್ತದೆ. ನೆಲದಲ್ಲಿ ಉಳಿಯುವ ಗಾಲಿಗಳಿಗೆ ಎರಡೂ ಕಡೆ ತಡೆ ಕೊಡಬೇಕು. ಹಿಂಭಾಗ ಎತ್ತಿದ ಮೇಲೆ ಭಾರ ಹೊರುವ ಉಕ್ಕಿನ ಸ್ಟ್ಯಾಂಡುಗಳನ್ನು ಅಚ್ಚಿನ ಎರಡೂ ಬದಿಗೆ ಕೊಟ್ಟು, ಜಾಕ್ ಇಳಿಸಿ ಕಾರನ್ನು ಅವುಗಳ ಮೇಲೆ ಕೂರಿಸಬೇಕು. ಜಂಬಿಟ್ಟಿಗೆ, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಖಂಡಿತ ಬೇಡ. ಅವು ಸೂಚನೆಯನ್ನೇ ಕೊಡದೆ ಒಡೆಯುತ್ತವೆ. ಎಣ್ಣೆಯ ಜಾಕ್ ಆದರೆ ಒಳಗಿನ ವಾಷರ್ ಸವೆದಾಗ ತಾನಾಗಿಯೇ ಇಳಿಯಬಹುದು. ಕಳಚಿದ ಗಾಲಿಯನ್ನು ಕಾರಿನ ಅಂಚಿನಡಿ ಮಲಗಿಸಿದರೆ ಕೊನೆಯ ರಕ್ಷಣೆ. ಕೆಳಗೆ ತೂರುವ ಮೊದಲು ಹೊರಗೆ ನಿಂತು ಕಾರನ್ನು ಅಲುಗಿಸಿ ನೋಡಬೇಕು. ಮನೆಯಲ್ಲಿ ಒಬ್ಬರೇ ಇದ್ದಾಗ ಈ ಕೆಲಸಕ್ಕೆ ಕೈಹಾಕಲೇಬಾರದು.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಜಗಲಿಯಲ್ಲಿ ಕುಳಿತಿದ್ದ ಅಜ್ಜನಿಗೆ ಆಶ್ಚರ್ಯವೇ ಆಗಲಿಲ್ಲ. "ಎತ್ತಿನಗಾಡಿಗೆ ಕೀಲೆಣ್ಣೆ ಹಾಕೋವಾಗ ಅಚ್ಚಿನಡಿಗೆ ದಿಮ್ಮಿ ಕೊಡದೆ ನಾವು ಗಾಲಿ ಕಳಚ್ತಾನೇ ಇರ್ಲಿಲ್ಲ. ಬಾಳೆಗೊನೆಗೇ ಊರುಗೋಲು ಕೊಡ್ತೀವಿ, ಕಾರಿಗೆ ಬೇಡ್ವಾ?" ಎಂದರು. ಗೊತ್ತಿದ್ದ ವಿದ್ಯೆ ಮನೆಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ.

ಈಗ ಆ ಶೆಡ್ಡಿಗೆ ಸಿಮೆಂಟಿನ ಸಮತಟ್ಟು ನೆಲವಿದೆ. ಮೂಲೆಯಲ್ಲಿ ಎರಡು ಉಕ್ಕಿನ ಸ್ಟ್ಯಾಂಡು, ನಾಲ್ಕು ಮರದ ತುಂಡು, ಒಂದು ದಪ್ಪ ಹಲಗೆ. ಮಗ ಇಂಜಿನಿಯರಿಂಗ್ ಓದಲು ಹೋದವನು ರಜೆಗೆ ಬಂದಾಗ ತಂದೆಯೊಂದಿಗೆ ಕಾರಿನ ಕೆಲಸಕ್ಕೆ ನಿಲ್ಲುತ್ತಾನೆ. ತಂದೆ ಕೆಳಗೆ ತೂರಲು ಬಗ್ಗಿದರೆ, "ತಡೀರಿ ಅಪ್ಪಯ್ಯ," ಎಂದು ಎರಡೂ ಕೈಯಿಂದ ಕಾರನ್ನು ದೂಡಿ ನೋಡುತ್ತಾನೆ. ಅದು ಅಲುಗದಿದ್ದರೆ ಮಾತ್ರ ಗೋಣಿಚೀಲ ಹಾಸುತ್ತಾನೆ.