ಉಳಿದ ಎಂಟು ಬಳೆಗಳು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಮಾಡಿದ್ದಳು. ಬೀಜಗಣಿತವೆಂದರೆ ಹೆದರಿ ಕಡೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗಿ. ಈಗ ಇಬ್ಬರು ಮಕ್ಕಳ ತಾಯಿ. "ಸರ್, ರಜೆಯಲ್ಲಿ ಬಿಡದಿಯ ವಂಡರ್‌ಲಾಕ್ಕೆ ಕರೆದುಕೊಂಡು ಹೋಗುತ್ತೇವೆಂದು ಮಕ್ಕಳಿಗೆ ಮೊದಲೇ ಹೇಳಿ ತಪ್ಪು ಮಾಡಿದೆ. ಇನ್ನೂ ಒಂದು ತಿಂಗಳಿದೆ. ದಿನಕ್ಕೆ ಹತ್ತು ಸಲ 'ಯಾವಾಗ, ಯಾವಾಗ' ಎಂದು ಪ್ರಾಣ ತಿನ್ನುತ್ತಿದ್ದಾರೆ. ನೀವು ಅಷ್ಟು ವರ್ಷ ಮಕ್ಕಳನ್ನು ಸಂಭಾಳಿಸಿದವರು, ಏನಾದರೂ ಉಪಾಯ ಹೇಳಿ" ಎಂದಳು. ಆ ಕ್ಷಣಕ್ಕೆ ನಕ್ಕು, ಒಂದೆರಡು ಮಾತು ಹೇಳಿ ಫೋನಿಟ್ಟೆ. ಆದರೆ ಅವಳ ಪ್ರಶ್ನೆ ನನ್ನನ್ನು 2020ನೆಯ ಇಸವಿಗೆ ಎಳೆದುಕೊಂಡು ಹೋಯಿತು. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷದ ಜನವರಿ 12ರಂದು ನಾನೂ ನನ್ನ ಶ್ರೀಮತಿಯೂ ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟೆವು. ಮಗಳು ಅಳಿಯ ಇರುವುದು ಉತ್ತರ ಕೆರೊಲಿನಾ ರಾಜ್ಯದ ಶಾರ್ಲಟ್ ನಗರದಲ್ಲಿ. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ, ಮೊಮ್ಮಗನಿಗೆ ಐದು. ಏಪ್ರಿಲ್ 4ರಂದು, ಶಾಲೆಗೆ ವಸಂತದ ರಜೆ ಬಂದೊಡನೆ, ಎಲ್ಲರೂ ಕಾರಿನಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡಿಗೆ ಹೋಗುವುದೆಂದು ನಿಶ್ಚಯವಾಗಿತ್ತು. 1971ರ ಅಕ್ಟೋಬರ್ 1ರಂದು ಆರಂಭವಾದ ಆ ಸ್ಥಳ ಒಂದು ಉದ್ಯಾನವಲ್ಲ. ಒಂದೊಂದಕ್ಕೆ ಒಂದೊಂದು ದಿನ ಬೇಕಾಗುವ ನಾಲ್ಕು ಉದ್ಯಾನಗಳ ಊರು. ಮಕ್ಕಳ ತಲೆಯಲ್ಲಿ ಬೇರೆ ಯಾವ ವಿಚಾರಕ್ಕೂ ಜಾಗವಿರಲಿಲ್ಲ.

ಅಲ್ಲಿಯ ಮನೆಗಳಲ್ಲಿ ಇಂಥ ಪ್ರವಾಸಕ್ಕೆ ದಿನ ಎಣಿಸುವುದೇ ಒಂದು ಹಬ್ಬ. ಕ್ರಿಸ್‌ಮಸ್‌ಗೆ ಮೊದಲು ದಿನಕ್ಕೊಂದು ಪುಟ್ಟ ಬಾಗಿಲನ್ನು ತೆರೆಯುವ 24 ಬಾಗಿಲುಗಳ ಪಂಚಾಂಗ ಜರ್ಮನಿಯ ಕಡೆಯಿಂದ ಬಂದದ್ದು. ಅದೇ ಅಭ್ಯಾಸ ಪ್ರವಾಸಗಳಿಗೂ ಹಬ್ಬಿದೆ. ನಮ್ಮ ಮಗಳು ಆರಿಸಿಕೊಂಡದ್ದು ಕಾಗದದ ಬಳೆಗಳ ಸರ. ಬಣ್ಣದ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದನ್ನು ಬಳೆಯಂತೆ ಬಾಗಿಸಿ ಅಂಟಿಸುವುದು, ಅದರೊಳಗಿನಿಂದ ಇನ್ನೊಂದನ್ನು ತೂರಿಸಿ ಅಂಟಿಸುವುದು. ಪ್ರತಿ ರಾತ್ರಿ ಮಲಗುವ ಮುನ್ನ ಒಂದು ಬಳೆಯನ್ನು ಕತ್ತರಿಸಬೇಕು. ಸರ ಮುಗಿದ ಮರುದಿನ ಪ್ರಯಾಣ. ಫೆಬ್ರವರಿ 24ರಂದು ಮೊಮ್ಮಗಳು ಲೆಕ್ಕ ಹಾಕಿ 39 ಬಳೆಗಳೆಂದಳು. ಅದು ಅಧಿಕ ವರ್ಷ, ಫೆಬ್ರವರಿ 29 ಒಂದಿದೆಯೆಂದು ಗಣಿತದ ಮಾಸ್ತರನಾದ ನಾನು ನೆನಪಿಸಿದೆ. ಒಂದು ಬಳೆ ಹೆಚ್ಚಾಯಿತೆಂದು ತಮ್ಮನಿಗೆ ಅಳು, ಲೆಕ್ಕ ತಪ್ಪಿತೆಂದು ಅಕ್ಕನಿಗೆ ಸಿಟ್ಟು. ಅಂತೂ 40 ಬಳೆಗಳ ಸರ ಅಡುಗೆಮನೆಯ ಬಾಗಿಲ ಮೇಲೆ ತೂಗಿತು.

ಬರಿಯ ಕತ್ತರಿಸುವುದರಲ್ಲಿ ಸ್ವಾರಸ್ಯವಿಲ್ಲವೆಂದು ಪ್ರತಿ ಬಳೆಯ ಒಳಮೈಯಲ್ಲಿ ಒಂದೊಂದು ಕೆಲಸವನ್ನು ಬರೆದಿಟ್ಟೆವು. ಕತ್ತರಿಸಿ ಬಿಚ್ಚಿದಾಗಲೇ ಅದು ಕಾಣುವುದು. ಒಂದರಲ್ಲಿ 'ಅಜ್ಜಿಯಿಂದ ಒಂದು ಕಥೆ', ಇನ್ನೊಂದರಲ್ಲಿ 'ನಿನ್ನ ಚೀಲಕ್ಕೆ ಬೇಕಾದ ಹತ್ತು ಸಾಮಾನುಗಳ ಪಟ್ಟಿ', ಮತ್ತೊಂದರಲ್ಲಿ 'ಕಣ್ಣಾರೆ ನೋಡದ ಆಟವೊಂದರ ಚಿತ್ರ ಬರೆ'. ಶುಕ್ರವಾರದ ಬಳೆಗಳಲ್ಲಿ ಒಂದು ಸಿನಿಮಾ. 1967ರ 'ದಿ ಜಂಗಲ್ ಬುಕ್' ನೋಡಿದ ರಾತ್ರಿ, ಕರಡಿಯ ಹೆಸರು ಹಿಂದಿಯ 'ಭಾಲೂ' ಎಂದು ನಾನು ಹೇಳಿದಾಗ ಮೊಮ್ಮಗನಿಗೆ ಆದ ಆಶ್ಚರ್ಯ ಇನ್ನೂ ಕಣ್ಣಿಗೆ ಕಟ್ಟಿದೆ.

ನನ್ನ ಪಾಲಿಗೆ ಬಂದದ್ದು ಗೋಡೆಯ ಭೂಪಟ. ಶಾರ್ಲಟ್‌ನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 850 ಕಿಲೋಮೀಟರು. ಅದನ್ನು 40ರಿಂದ ಭಾಗಿಸಿದರೆ ದಿನಕ್ಕೆ 21 ಕಿಲೋಮೀಟರು. ಬಳೆ ಕತ್ತರಿಸಿದ ಮೇಲೆ ಕೆಂಪು ಗುಂಡುಸೂಜಿಯನ್ನು ಅಷ್ಟು ಮುಂದಕ್ಕೆ ಚುಚ್ಚುವುದು. ಹೀಗೆ ನಾವು ಮನೆಯಿಂದ ಕದಲದೆಯೇ ಕೊಲಂಬಿಯಾ ದಾಟಿದೆವು, ಸವಾನಾದತ್ತ ನಡೆದೆವು. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಮಕ್ಕಳ ಎತ್ತರವನ್ನೂ ಗುರುತಿಸಿದ್ದೆ. ಅಲ್ಲಿ 1975ರಿಂದ ಇರುವ 'ಸ್ಪೇಸ್ ಮೌಂಟನ್' ಎಂಬ ಕತ್ತಲೆಯ ರೈಡಿಗೆ ಕನಿಷ್ಠ 44 ಇಂಚು ಎತ್ತರ ಬೇಕು. ಮೊಮ್ಮಗ 43 ಇಂಚು ಇದ್ದ. ಒಂದು ಇಂಚಿಗಾಗಿ ಅವನು ದಿನಾ ಎರಡು ಲೋಟ ಹಾಲು ಕುಡಿಯತೊಡಗಿದ್ದನ್ನು ಕಂಡು ಮಗಳು ಬೆರಗಾದಳು.

ಎಣಿಕೆಯನ್ನು ಇಳಿಮುಖವಾಗಿ ಮಾಡುವುದು ಮಕ್ಕಳಿಗೇಕೆ ಇಷ್ಟ? ರಾಕೆಟ್ ಹಾರಿಸುವ ಮುನ್ನ ಹಿಂದಿನಿಂದ ಎಣಿಸುವ ಕ್ರಮವನ್ನು ಜನ ಮೊದಲು ಕಂಡದ್ದು ಜರ್ಮನಿಯ ನಿರ್ದೇಶಕ ಫ್ರಿಟ್ಸ್ ಲಾಂಗ್ 1929ರಲ್ಲಿ ತೆಗೆದ ಚಂದ್ರಯಾನದ ಮೂಕಿಚಿತ್ರದಲ್ಲಿ. ಒಂದು, ಎರಡು, ಮೂರು ಎಂದು ಎಣಿಸಿದರೆ ಎಲ್ಲಿ ನಿಲ್ಲಬೇಕೆಂದು ನೋಡುವವನಿಗೆ ತಿಳಿಯದು. ಸೊನ್ನೆಯತ್ತ ಎಣಿಸಿದರೆ ಕೊನೆ ಎಲ್ಲಿದೆಯೆಂಬುದು ಎಲ್ಲರಿಗೂ ತಿಳಿಯುತ್ತದೆ. ಕಾಯುವವನಿಗೆ ಬೇಕಾದದ್ದೂ ಅಷ್ಟೇ.

ಇದು ನಮಗೇನೂ ಹೊಸದಲ್ಲ. ನಮ್ಮ ಊರು ಶಿರಸಿಯ ಸಮೀಪದ ಹಳ್ಳಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಗಳಿಗೊಮ್ಮೆ ಬರುವುದು. ದೇವಿ ರಥವೇರಿ ಬಂದು ಬಿಡಕಿಬೈಲಿನ ಗದ್ದುಗೆಯಲ್ಲಿ ಕೂರುವ ಆ ದಿನಗಳೆಂದರೆ ನಮಗೆ ತೊಟ್ಟಿಲು, ಸರ್ಕಸ್ಸು, ನಾಟಕ, ಬೆಂಡು ಬತ್ತಾಸು. ಜಾತ್ರೆಗೆ ಒಂದು ತಿಂಗಳಿರುವಾಗ ಆಯಿ ತೆಂಗಿನ ಗರಟೆಯಲ್ಲಿ 30 ಹುಣಸೆ ಬೀಜಗಳನ್ನು ಹಾಕಿಡುತ್ತಿದ್ದಳು. ಸಂಜೆ ದೇವರ ದೀಪ ಹಚ್ಚಿದ ಮೇಲೆ ಒಂದನ್ನು ತೆಗೆದು ಅಂಗಳಕ್ಕೆ ಎಸೆಯಬೇಕು. ಒಂದು ಸಲ ನನ್ನ ತಮ್ಮ ಗುಟ್ಟಾಗಿ ಐದು ಬೀಜಗಳನ್ನು ಕದ್ದ, ಜಾತ್ರೆ ಬೇಗ ಬರಲೆಂದು. ಆಯಿ ಗದರಲಿಲ್ಲ. "ಬೀಜ ಕದ್ದರೆ ದೇವಿ ಓಡಿ ಬರುವುದಿಲ್ಲ. ಲೆಕ್ಕ ಸುಳ್ಳಾಗುತ್ತದೆ, ಅಷ್ಟೇ" ಎಂದು ಐದು ಬೀಜಗಳನ್ನು ಮರಳಿ ಹಾಕಿದಳು. ಬಿ.ಇಡಿ. ತರಗತಿಯಲ್ಲಿ ನಾನು ಕಲಿತ ಯಾವ ಪಾಠವೂ ಇದಕ್ಕಿಂತ ಸರಳವಾಗಿರಲಿಲ್ಲ. ಆದರೂ ಅದನ್ನು ನಾನು ಮರೆತೆ.

ಮಾರ್ಚ್ 12ರಂದು ಸುದ್ದಿ ಬಂತು: ಕೊರೊನಾದ ಕಾರಣದಿಂದ ಡಿಸ್ನಿ ವರ್ಲ್ಡನ್ನು 15ರ ರಾತ್ರಿಯಿಂದ ತಿಂಗಳ ಕೊನೆಯವರೆಗೆ ಮುಚ್ಚುತ್ತಾರೆ. ಆ ರಾತ್ರಿ ಹದಿನೆಂಟನೆಯ ಬಳೆ. ಮಕ್ಕಳೇ ಲೆಕ್ಕ ಹಾಕಿದರು: "ಏಪ್ರಿಲ್ ಒಂದಕ್ಕೆ ತೆರೆಯುತ್ತಾರೆ, ನಾವು ಹೋಗುವುದು ನಾಲ್ಕಕ್ಕೆ. ತೊಂದರೆಯಿಲ್ಲ!" 16ರಿಂದ ರಾಜ್ಯದ ಶಾಲೆಗಳೂ ಮುಚ್ಚಿದವು. 22ರಿಂದ ಭಾರತಕ್ಕೆ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅಷ್ಟರಲ್ಲಿ ಅಳಿಯ ಹೋಟೆಲಿನ ಕಾಯ್ದಿರಿಸುವಿಕೆಯನ್ನು ರದ್ದು ಮಾಡಿಯಾಗಿತ್ತು. ಮಕ್ಕಳಿಗೆ ಹೇಳಿಬಿಡೋಣವೆಂದು ಮಗಳೆಂದಳು. ಬೇಡವೆಂದವನು ನಾನೇ. "ಶಾಲೆಯೂ ಇಲ್ಲ, ಗೆಳೆಯರೂ ಇಲ್ಲ. ಈ ಬಳೆಯೊಂದಾದರೂ ಇರಲಿ. ಆಮೇಲೆ ನೋಡೋಣ" ಎಂದೆ. ಹೋಗುವುದಿಲ್ಲವೆಂದು ತಿಳಿದೂ ತಿಳಿದೂ ರಾತ್ರಿಯಿಂದ ರಾತ್ರಿಗೆ ಬಳೆ ಕತ್ತರಿಸಿದೆವು. ಗುಂಡುಸೂಜಿ ಸವಾನಾ ದಾಟಿತು, ಜಾಕ್ಸನ್‌ವಿಲ್ ದಾಟಿತು.

ಮಾರ್ಚ್ 27ರಂದು, ಮುಂದಿನ ಪ್ರಕಟಣೆಯವರೆಗೆ ಉದ್ಯಾನಗಳು ಮುಚ್ಚಿರುತ್ತವೆಂಬ ಸುದ್ದಿಯನ್ನು ಮೊಮ್ಮಗಳು ತಾನೇ ಓದಿದಳು. ಅಡುಗೆಮನೆಗೆ ಬಂದು ನನ್ನ ಮುಖವನ್ನೇ ನೋಡುತ್ತ ಕೇಳಿದಳು: "ಅಜ್ಜ, ನಿನಗೆ ಮೊದಲೇ ಗೊತ್ತಿತ್ತಾ?"

ಸಾವಿರಾರು ಮಕ್ಕಳಿಗೆ 'ಉತ್ತರ ಬಾರದಿದ್ದರೆ ಬಾರದೆಂದು ಬರೆಯಿರಿ, ಲೆಕ್ಕ ತಿದ್ದಬೇಡಿ' ಎಂದು ಹೇಳಿಕೊಟ್ಟವನು ನಾನು. ಗೊತ್ತಿತ್ತೆಂದು ಒಪ್ಪಿಕೊಂಡೆ. ಅವಳು ಅಳಲಿಲ್ಲ. ಕತ್ತರಿಯನ್ನು ಒಯ್ದು ಮೇಜಿನ ಸೆಳೆಖಾನೆಯಲ್ಲಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡಳು. ಉದ್ಯಾನ ಮುಚ್ಚಿದ್ದನ್ನು ಅವಳು ಕ್ಷಮಿಸಿದ್ದಳು. ನಾನು ಮುಚ್ಚಿಟ್ಟದ್ದನ್ನು ಕ್ಷಮಿಸಲಾರದೆ ಹೋದಳು. ಸರದಲ್ಲಿ ಎಂಟು ಬಳೆಗಳು ಉಳಿದಿದ್ದವು. ಗುಂಡುಸೂಜಿ ಸೇಂಟ್ ಆಗಸ್ಟೀನ್ ಎಂಬ ಹಳೆಯ ಊರಿನ ಹತ್ತಿರ ನಿಂತಿತ್ತು.

ಮರುದಿನ ಊರಿಗೆ ಫೋನು ಮಾಡಿದೆ. ಆಯಿಗೆ ಆಗ 84 ವರ್ಷ. ಮೇ 10ಕ್ಕೆ ನಾವು ಹಿಂದಿರುಗಬೇಕಿತ್ತು. ನಾವು ಹೊರಟ ದಿನವೇ ಅವಳು ಗರಟೆಯಲ್ಲಿ 119 ಬೀಜಗಳನ್ನು ಎಣಿಸಿ ಹಾಕಿದ್ದಳೆಂದು ತಮ್ಮ ಹೇಳಿದ. ವಿಮಾನಗಳು ನಿಂತ ದಿನ, ಅಂದು ಬೀಜ ಕದ್ದಿದ್ದ ಅದೇ ತಮ್ಮ, ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ತಿಳಿಸಿದ್ದ: ಅಣ್ಣ ಯಾವಾಗ ಬರುತ್ತಾನೋ ಗೊತ್ತಿಲ್ಲ. ಆಯಿ ಉಳಿದ 49 ಬೀಜಗಳ ಗರಟೆಯನ್ನು ದೇವರ ಕೋಣೆಯಲ್ಲಿಟ್ಟು, ಬೇರೊಂದು ಖಾಲಿ ಡಬ್ಬಿಯನ್ನು ತೆಗೆದುಕೊಂಡು, ಮರುದಿನದಿಂದ ಅದಕ್ಕೆ ದಿನಕ್ಕೊಂದು ಬೀಜ ಹಾಕತೊಡಗಿದ್ದಳು. "ಬರುವ ದಿನ ತಿಳಿಯದಿದ್ದರೆ ಕಳೆದ ದಿನವನ್ನಾದರೂ ಎಣಿಸಬೇಕಲ್ಲ, ಅಪ್ಪಿ. ಎಣಿಕೆ ಬಿಡಬಾರದು" ಎಂದಳು.

ಆ ಸಂಜೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಮೊದಲು ಕ್ಷಮೆ ಕೇಳಿದೆ. ಆಮೇಲೆ ಮುತ್ತಜ್ಜಿಯ ಎರಡು ಪಾತ್ರೆಗಳ ವಿಷಯ ಹೇಳಿದೆ. ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದು, ಸೆಳೆಖಾನೆಯಿಂದ ಕತ್ತರಿ ತಂದಳು. ಉಳಿದ ಎಂಟು ಬಳೆಗಳನ್ನು ಮುಟ್ಟಬಾರದು, ಹೊಸ ಸರವೊಂದನ್ನು ಬೆಳೆಸಬೇಕೆಂದು ಅವಳೇ ನಿಯಮ ಮಾಡಿದಳು. ಆ ದಿನ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಪಟ್ಟಿಯ ಮೇಲೆ ಬರೆದು ಬಳೆ ಮಾಡಿ ಸೇರಿಸುವುದು. 'ಅಜ್ಜ ದೋಸೆ ಸುಟ್ಟುಹಾಕಿದ', 'ತಮ್ಮನ ಹಲ್ಲು ಬಿತ್ತು', 'ಇಂದು ಏನೂ ಆಗಲಿಲ್ಲ'. ಜುಲೈ 9ರಂದು ವಿಶೇಷ ವಿಮಾನದಲ್ಲಿ ನಾವು ಹೊರಡುವಾಗ ಆ ಸರದಲ್ಲಿ 103 ಬಳೆಗಳಿದ್ದವು. ಅಡುಗೆಮನೆಯಿಂದ ಹೊರಟು ಮೆಟ್ಟಿಲ ಕಂಬಿಯನ್ನೇರಿತ್ತು. ಎರಡು ದಿನಗಳ ಬಳಿಕ, 11ರಂದು, ಡಿಸ್ನಿ ವರ್ಲ್ಡ್ ಮತ್ತೆ ಬಾಗಿಲು ತೆರೆಯಿತು. ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಬೆಂಗಳೂರಿನಲ್ಲಿ ಪ್ರತ್ಯೇಕವಾಸ ಮುಗಿಸಿ ಜುಲೈ 28ರಂದು ಮನೆ ಸೇರಿದೆವು. ಆಯಿ ನನ್ನ ಮುಂದೆ ಡಬ್ಬಿಯನ್ನು ಸುರಿದು, "ನೀನು ಗಣಿತದವನು, ಎಣಿಸು" ಎಂದಳು. 128 ಬೀಜಗಳು. ಒಂದೂ ತಪ್ಪಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಅವಳು ತೀರಿಕೊಂಡಳು.

ಮಗಳ ಸಂಸಾರ ಡಿಸ್ನಿ ವರ್ಲ್ಡಿಗೆ ಹೋದದ್ದು 2022ರ ಏಪ್ರಿಲಿನಲ್ಲಿ. ಎಂಟು ದಿನಗಳಿರುವಾಗ ಮೊಮ್ಮಗಳು ಪೆಟ್ಟಿಗೆಯಿಂದ ಆ ಎಂಟು ಬಳೆಗಳನ್ನು ತೆಗೆದು ಅದೇ ಬಾಗಿಲಿಗೆ ಕಟ್ಟಿದಳು. ಬಣ್ಣ ಮಾಸಿತ್ತು. ಅವರ ರಾತ್ರಿ ನಮ್ಮ ಬೆಳಗು. ಅಲ್ಲಿ ಅವಳು ಬಳೆ ಕತ್ತರಿಸಿ ಒಳಗಿನ ಬರಹವನ್ನು ಓದುವಾಗ, ಇಲ್ಲಿ ನಾನು ವೀಡಿಯೊ ಕರೆಯೆದುರು ಕುಳಿತು ಆಯಿಯ ಗರಟೆಯಿಂದ ಒಂದು ಬೀಜವನ್ನು ತೆಗೆದು ಅಂಗಳಕ್ಕೆ ಎಸೆಯುತ್ತಿದ್ದೆ. ಮೊಮ್ಮಗ ಆಗ 48 ಇಂಚು. ಎರಡು ವರ್ಷ ಮೊದಲು ಹೋಗಿದ್ದರೆ ಸ್ಪೇಸ್ ಮೌಂಟನ್ನಿನ ಹೊರಗೆ ನಿಲ್ಲಬೇಕಿದ್ದವನು, ಅಲ್ಲಿಂದಲೇ ಫೋನು ಮಾಡಿ, "ಅಜ್ಜ, ಒಳಗೆ ಪೂರ್ತಿ ಕತ್ತಲೆ. ನಾನು ಕಣ್ಣು ಮುಚ್ಚಲೇ ಇಲ್ಲ" ಎಂದ.

ಆದ್ದರಿಂದ, ಮಗೂ, ನಿನ್ನ ಮಕ್ಕಳಿಗೂ ಒಂದು ಸರ ಮಾಡಿಕೊಡು. ಬಣ್ಣದ ಕಾಗದವಿಲ್ಲದಿದ್ದರೆ ಹಳೆಯ ಪತ್ರಿಕೆ ಸಾಕು, ಅದೂ ಬೇಡವೆಂದರೆ ಹುಣಸೆ ಬೀಜ. ಪ್ರತಿ ದಿನಕ್ಕೂ ಆ ದಿನದ್ದೇ ಆದ ಒಂದು ಸಣ್ಣ ಸಂತೋಷವನ್ನು ಇಡು. ಹಾಗಾದರೆ ಹೊರಡುವುದು ತಪ್ಪಿದರೂ ಕಳೆದ ದಿನಗಳು ದಂಡವಾಗುವುದಿಲ್ಲ. ಬಾಗಿಲಲ್ಲಿ ಎತ್ತರವನ್ನು ಗುರುತು ಮಾಡು. ವಂಡರ್‌ಲಾದಲ್ಲೂ ಕೆಲವು ಆಟಗಳಿಗೆ ಎತ್ತರದ ಮಿತಿಯಿದೆ, ಅದನ್ನು ಅಲ್ಲಿಗೆ ಹೋಗಿ ತಿಳಿದು ಅಳುವುದಕ್ಕಿಂತ ಮನೆಯಲ್ಲೇ ತಿಳಿಯುವುದು ಲೇಸು. ಒಂದು ವೇಳೆ ಯಜಮಾನರಿಗೆ ರಜೆ ಸಿಗದೆಯೋ ಯಾರಿಗಾದರೂ ಜ್ವರ ಬಂದೋ ದಿನ ಮುಂದೆ ಹೋದರೆ, ಅಂದೇ ಹೇಳಿಬಿಡು. ಲೆಕ್ಕವನ್ನು ಮಾತ್ರ ತಿದ್ದಬೇಡ.

ಗರಟೆಯಲ್ಲಿ ಇನ್ನೂ 41 ಬೀಜಗಳಿವೆ. ಮೊಮ್ಮಕ್ಕಳು ಮುಂದಿನ ಬಾರಿ ಶಿರಸಿಯ ಜಾತ್ರೆಯ ಸಮಯಕ್ಕೇ ಊರಿಗೆ ಬರುತ್ತೇವೆಂದಿದ್ದಾರೆ. ತಾರೀಖು ಇನ್ನೂ ನಿಶ್ಚಯವಾಗಿಲ್ಲ. ಆದಾಗ ಎಣಿಕೆ ಶುರು ಮಾಡುತ್ತೇನೆ. ನಿಮ್ಮ ಮನೆಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ, ಪ್ರವಾಸಕ್ಕೆ ಹೇಗೆ ದಿನ ಎಣಿಸುತ್ತಿದ್ದಿರಿ ಎಂಬುದನ್ನು ಬಿಡುವಾದಾಗ ನನಗೂ ಬರೆದು ತಿಳಿಸಿ.