ಕೆಂಪೆಲ್ಲ ಖಾರವಲ್ಲ

ಉಡುಪಿಯಿಂದ ಉತ್ತರಕ್ಕೆ ಹೊರಟ ಬಸ್ಸು ಬ್ರಹ್ಮಾವರ, ಕೋಟ, ತೆಕ್ಕಟ್ಟೆ ದಾಟಿ ಕುಂದಾಪುರ ತಲಪುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಇಲ್ಲಿನ ಮಾಂಸಾಹಾರಿ ಹೋಟೆಲುಗಳ ಬಾಗಿಲಲ್ಲೇ ತುಪ್ಪದ, ಹುರಿದ ಮೆಣಸಿನ ಘಮಲು. ಅದು ಕೋಳಿ ಘೀ ರೋಸ್ಟ್! ಊರಿನ ಶೆಟ್ಟಿ ಲಂಚ್ ಹೋಮ್‌ನಲ್ಲಿ ಹುಟ್ಟಿತೆನ್ನಲಾಗುವ ಈ ಖಾದ್ಯ ಇಂದು ಬೆಂಗಳೂರಿನಲ್ಲೂ ಮನೆಮಾತು.

ಅದರ ಕಡುಗೆಂಪು ಕಂಡು ಹೊಸಬರು ಹಿಂಜರಿಯುವುದುಂಟು. ನೀರುದೋಸೆಯೊಡನೆ ಒಂದು ತುಂಡು ಬಾಯಿಗಿಟ್ಟರೆ ಹೆದರಿಕೆ ಮಾಯ. ಕಂಡಷ್ಟು ಖಾರವಿಲ್ಲ. ಗುಟ್ಟು ಇರುವುದು ಬ್ಯಾಡಗಿ ಮೆಣಸಿನಲ್ಲಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಸುಕ್ಕು ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಎರಡೂ ಬೇರೆ ಬೇರೆ. ಕ್ಯಾಪ್ಸಾಂಥಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಣಸೆಹಣ್ಣು ಸೇರಿಸಿ ಅರೆದ ಮಸಾಲೆಯನ್ನು ಸಣ್ಣ ಉರಿಯಲ್ಲಿ ಬಾಡಿಸಿದಾಗ ತುಪ್ಪವೇ ಕೆಂಪಾಗುವುದು ಅದಕ್ಕೇ.

ದೇಶದ ಆ ತುದಿಯಲ್ಲೂ ಇದೇ ಕಥೆ. ಶ್ರೀನಗರದ ಖಯ್ಯಾಮ್ ಚೌಕದಲ್ಲಿ ಸಂಜೆಯಾದರೆ ಕಬ್ಬಿಣದ ಕಡ್ಡಿಗೆ ಸಿಕ್ಕಿಸಿದ ಕುರಿಮಾಂಸ ಕೆಂಡದ ಮೇಲೆ ಬೇಯುತ್ತದೆ. ಅದರ ಹೆಸರು ತುಜ್. ಲವಾಸ ರೊಟ್ಟಿ, ಬಗೆಬಗೆಯ ಚಟ್ನಿಗಳು ಜೊತೆಗೆ. ಅಲ್ಲಿನವರ ಕಾಶ್ಮೀರಿ ಮೆಣಸೂ ಬ್ಯಾಡಗಿಯಂತೆ ಬಣ್ಣಕ್ಕೇ ಹೆಸರಾದದ್ದು. ಅಲ್ಲಿ ಕೆಂಡ, ಇಲ್ಲಿ ತುಪ್ಪ. ಕೆಂಪು ಮಾತ್ರ ಮೆಣಸಿನದೇ.

ಆದರೆ ಎಲ್ಲ ಕೆಂಪೂ ಮೆಣಸಿನದಲ್ಲ. ಕರ್ನಾಟಕದಲ್ಲಿ ಪರೀಕ್ಷಿಸಿದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಕಂಡುಬಂದವು. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳು ಸಿಕ್ಕಿದ್ದವು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು.

ಮಕ್ಕಳು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದ ನೀರಿನ ಮೇಲೆ ಚಿಟಿಕೆ ಮೆಣಸಿನಪುಡಿ ಉದುರಿಸಿ, ಕಲಕದೆ ನೋಡಿ. ಬಣ್ಣದ ಗೆರೆಗಳು ಕೂಡಲೇ ಕೆಳಗಿಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದೆ ಎಂದರ್ಥ. ಇನ್ನೊಂದು ಚಿಟಿಕೆಯನ್ನು ಅಮ್ಮ ಬಿಸಿ ಮಾಡಿಕೊಟ್ಟ ತುಪ್ಪಕ್ಕೆ ಹಾಕಿದರೆ ಮೆಣಸಿನ ನಿಜಬಣ್ಣ ಬಿಟ್ಟುಕೊಳ್ಳುತ್ತದೆ.

ಊಟ ಮುಗಿಸಿ ಬೈಂದೂರಿನ ಬಸ್ಸು ಹತ್ತಿದರೆ ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಮುಂದೆ ಎಲ್ಲಿಯೇ ಆಗಲಿ, ಗಾಡಿಯ ಮೇಲೆ ಕಣ್ಣು ಕುಕ್ಕುವ ಕೆಂಪು ಕಬಾಬ್ ಕಂಡರೆ ದುಡ್ಡು ಕೊಡುವ ಮುನ್ನ ಕೇಳಲು ಸಂಕೋಚ ಬೇಡ: "ಇದು ಮೆಣಸಿನ ಬಣ್ಣವೋ, ಡಬ್ಬಿಯ ಬಣ್ಣವೋ?"