ಗರಟೆಯ ಅಡಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಹುಟ್ಟಿ ಬೆಳೆದ ನನ್ನ ಓರಗೆಯವರು ಮೊದಲ ಅಡಿಗೆ ಮಾಡಿದ್ದು ಒಲೆಯ ಮೇಲಲ್ಲ, ಅಂಗಳದ ಮೂಲೆಯಲ್ಲಿ. ಪಾತ್ರೆಯೆಂದರೆ ತೆಂಗಿನ ಗರಟೆ. ಊಟದ ಬಾಳೆಯೆಂದರೆ ಅಡಿಕೆ ಹಾಳೆಯ ತುಂಡು. ಹೊಳೆಯ ಮರಳು ಅನ್ನವಾಗುತ್ತಿತ್ತು, ಕೆಮ್ಮಣ್ಣು ಕದಡಿದ ನೀರು ಸಾರಾಗುತ್ತಿತ್ತು. ಒಂದೆಲಗವನ್ನು ಕಲ್ಲಿನಲ್ಲಿ ಜಜ್ಜಿದರೆ ತಂಬುಳಿ, ದಾಸವಾಳದ ಎಲೆ ಹಿಂಡಿದ ಲೋಳೆ ತುಪ್ಪ, ಒಣಗಿದ ಹಲಸಿನೆಲೆ ಹಪ್ಪಳ. ಮದುವೆ ಮುಂಜಿಗಳ ದೊಡ್ಡ ಅಡಿಗೆಯನ್ನು ಗಂಡಸರೇ ಮಾಡುವ ಸೀಮೆಯಾದ್ದರಿಂದ, ಸೌಟು ಹಿಡಿಯಲು ಹುಡುಗರಿಗೆ ನಾಚಿಕೆಯೂ ಇರಲಿಲ್ಲ.

ಈಗ ಮಕ್ಕಳ ಅಡಿಗೆಮನೆ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುತ್ತದೆ. 2 ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲೂ ಪ್ಲಾಸ್ಟಿಕ್ಕಿನ ಒಲೆ, ಕುಕ್ಕರು, ತರಕಾರಿಗಳು ಕೊಳ್ಳುವವರಿಗೆ ಸಿಗುತ್ತವೆ. ನೋಡಲು ಚೆಂದವೇ. ಆದರೆ ಪ್ಲಾಸ್ಟಿಕ್ಕಿನ ಟೊಮೇಟೊ ಎಂದೆಂದಿಗೂ ಟೊಮೇಟೊವೇ. ಹಿಡಿ ಮರಳಾದರೋ ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ, ಸಂಜೆ ಪಾಯಸ. ಒಣಗಿದ್ದರೆ ಬೆರಳ ಸಂದಿಯಿಂದ ಸೋರುತ್ತದೆ. ತುಸು ನೀರು ಚಿಮುಕಿಸಿದರೆ ಗರಟೆಯ ಆಕಾರ ಹೊತ್ತು ಕಡುಬಾಗಿ ಕೂರುತ್ತದೆ. ನೀರು ಹೆಚ್ಚಾದರೆ ಕುಸಿಯುತ್ತದೆ. ಬೆರಳಿಗೆ ಇಂಥ ಪಾಠ ಹೇಳುವ ಮೇಷ್ಟರು ಬೇರೆ ಇಲ್ಲ.

ಅಂಗಳವಿಲ್ಲದವರು ಕೊರಗಬೇಕಾಗಿಲ್ಲ. ಅಗಲವಾದ ಒಂದು ಡಬ್ಬಿ, ಅದರಲ್ಲಿ ತೊಳೆದು ಒಣಗಿಸಿದ ಮರಳು ನಾಲ್ಕು ಬೆರಳೆತ್ತರ, ಅಂಚು ಉಜ್ಜಿ ನಯಮಾಡಿದ ಎರಡು ಗರಟೆ, ಹಳೆಯ ಸೌಟು, ಜರಡಿ, ಹಿಡಿ ಸೊಪ್ಪು, ಕೆಳಗೊಂದು ಹಳೇ ಚಾಪೆ, ಇಷ್ಟೇ. ಮಗುವಿಗೆ 3 ವರ್ಷ ತುಂಬುವ ತನಕ ಕಾಳು ಬೀಜಗಳು ಬೇಡ, ಗಂಟಲಿಗೆ ಸಿಕ್ಕಿಕೊಂಡಾವು. ಗುಲಗಂಜಿಯಂತೂ ಯಾವ ವಯಸ್ಸಿಗೂ ಬೇಡ. ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಆ ಕೆಂಪು ಕಪ್ಪು ಬೀಜ ಕಣ್ಣಿಗೆ ಎಷ್ಟು ಚೆಂದವೋ, ಜಗಿದರೆ ಅಷ್ಟೇ ವಿಷ. ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು.

ಮರಳಿನ ಬದಲು ಅಕ್ಕಿ ಸುರಿಯುವವರೂ ಇದ್ದಾರೆ. ನಮ್ಮ ಮನೆಯಾಕೆ ಇದಕ್ಕೆ ಒಪ್ಪುವುದಿಲ್ಲ. "ಅನ್ನ ಆಟಿಕೆಯಲ್ಲ, ಅಕ್ಕಿಯೇ ಬೇಕೆಂದರೆ ಮೊರದಲ್ಲಿ ಕೊಡಿ, ಕಲ್ಲು ಆರಿಸಲಿ" ಎಂಬುದು ಅವಳ ತೀರ್ಪು. 1939ರಲ್ಲಿ ಭಾರತಕ್ಕೆ ಬಂದ ಮಾರಿಯಾ ಮಾಂಟೆಸ್ಸೊರಿಯವರೂ ಆಟದ ಸಾಮಾನಿಗಿಂತ ನಿಜದ ಕೆಲಸವೇ ಮಗುವಿಗೆ ಪ್ರಿಯವೆಂದು ನಂಬಿದವರು. ನಮ್ಮಾಕೆ ಅವರ ಹೆಸರು ಕೇಳಿದವಳಲ್ಲ.

ಇಷ್ಟೆಲ್ಲ ಕೂಡಿಸಿದ ಮೇಲೂ ಒಂದು ಕೊರತೆ ಉಳಿಯುತ್ತದೆ: ಉಣ್ಣುವವರು. ಅಡಿಗೆಯಾಟದಲ್ಲಿ ಬೇಯಿಸುವುದು ಅರ್ಧ, ಬಡಿಸುವುದು ಅರ್ಧ. "ಅಜ್ಜಾ, ಊಟಕ್ಕೆ ಬಾ" ಎಂದು ಮೊಮ್ಮಗಳು ಕರೆದರೆ ಪತ್ರಿಕೆ ಮಡಿಸಿಟ್ಟು ಹೋಗಿ ಕೂರಬೇಕು. "ಎಂತ ಅಡಿಗೆ ಕೂಸೇ?" ಎಂದು ವಿಚಾರಿಸಬೇಕು. ಸುಮ್ಮನೆ ಹೊಗಳಿದರೆ ಅವಳು ನಂಬುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೆ ಮುಖ ಅರಳುತ್ತದೆ. ಉಂಡದ್ದು ನಿಜವಾಯಿತಲ್ಲ!

ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದು ಅಂಗಳವಿದೆ, ಗರಟೆಯಿದೆ, ಪುರಸೊತ್ತಾಗಿ ಉಣ್ಣಲು ಮುದುಕರಿಬ್ಬರಿದ್ದಾರೆ. ಅಡಿಗೆಯವರು ಮಾತ್ರ ಬೆಂಗಳೂರಿನಲ್ಲಿ. ಅಲ್ಲಿ ಅಡಿಗೆ ಸಿದ್ಧವಿದೆ, ಉಣ್ಣುವವರಿಗೆ ಪುರಸೊತ್ತಿಲ್ಲ. ಬೇಸಗೆಯ ರಜೆಯಲ್ಲಿ ಎರಡೂ ಕೂಡಿಬಂದಾಗ ನಾನು ದಿನಕ್ಕೆ ಐದು ಸಲ ಉಣ್ಣುತ್ತೇನೆ. ರಜೆ ಮುಗಿದ ಮೇಲೂ ಹಾಳೆಯ ತುಂಡಿನ ಮೇಲೆ ಆರಿದ ಕಡುಬು ಮಳೆ ಬೀಳುವ ತನಕ ಅಂಗಳದಲ್ಲೇ ಇರುತ್ತದೆ. ಅದನ್ನು ಗುಡಿಸಲು ಮನೆಯಾಕೆ ಯಾರನ್ನೂ ಬಿಡುವುದಿಲ್ಲ.